ದೊಡ್ಡ ಗುಂಡಿನ ರಿವಾಲ್ವರೂ ಹನೂರಿನ ಹಂದಿಯೂ

ಕೊಳ್ಳೇಗಾಲದಿಂದ ಹನೂರಿಗೆ, ಹನೂರಿನಿಂದ ರಾಮಾಪುರಕ್ಕೆ ಹೋಗುವ ಬಸ್ಸು ಹತ್ತಿದವರಿಗೆ ಈ ಮಾತು ಕಿವಿಗೆ ಬಿದ್ದೇ ಇರುತ್ತದೆ. ಹುಡುಗರ ಕೈಯಲ್ಲಿ ಮೊಬೈಲು. ಮೊಬೈಲಿನೊಳಗೆ ಒಬ್ಬ ಅಮೆರಿಕದವ. ಅವನ ಕೈಯಲ್ಲಿ ಮೊಳದುದ್ದದ ರಿವಾಲ್ವರು. ಒಂದೇ ಏಟಿಗೆ ಕಲ್ಲಂಗಡಿ ಹಣ್ಣು ಚೂರುಚೂರು. "ಇಂಥದೊಂದು ಇದ್ರೆ ಅಂದಿ ಏನು, ಆನೆನೂ ತಿರುಗಿ ನೋಡ್ದೆ ಓಡ್ಬೇಕು ಕಣಣ್ಣ" ಎನ್ನುತ್ತಾನೆ ಒಬ್ಬ. "ಲೈಸೆನ್ಸಿಗೆ ಎಷ್ಟಾಯ್ತದೆ?" ಎನ್ನುತ್ತಾನೆ ಪಕ್ಕದವ. ಬಜಾರಿನ ಸಾಹುಕಾರರೂ ಈ ಗುಂಗಿನಿಂದ ಹೊರಗಿಲ್ಲ. ಜಮೀನು ಕಾಡಂಚಿನಲ್ಲಿದೆ, ವ್ಯಾಪಾರ ಪೇಟೆಯಲ್ಲಿದೆ, ಒಂದು ರಿವಾಲ್ವರು ಇದ್ದರೆ ಎರಡಕ್ಕೂ ಆಯಿತು. ತೆಗೆದುಕೊಳ್ಳುವುದೇ ಆದರೆ ದೊಡ್ಡದನ್ನೇ ತೆಗೆದುಕೊಳ್ಳೋಣ, ಯಾವುದು ಒಳ್ಳೆಯದು ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಬಂದಮೇಲೆ ಉತ್ತರ ಹೇಳಬೇಕಾದ್ದು ಈ ಅಂಕಣದ ಕರ್ತವ್ಯ. ದೊಡ್ಡ ರಿವಾಲ್ವರು ಎಂದರೇನು, ಅದು ನಮಗೆ ಸಿಗುತ್ತದೆಯೇ, ಸಿಕ್ಕರೆ ಕೊಳ್ಳೇಗಾಲ, ಹನೂರು, ಯಳಂದೂರಿನ ನೆಲದಲ್ಲಿ ಅದರಿಂದ ಆಗುವ ಕೆಲಸವೇನು, ಒಂದೊಂದಾಗಿ ನೋಡೋಣ.

ದೊಡ್ಡದು ಎಂದರೆ ಎಷ್ಟು ದೊಡ್ಡದು?

ರಿವಾಲ್ವರಿನ ಲೆಕ್ಕ ಅಂಗುಲದಲ್ಲಿ. ಪಾಯಿಂಟ್ 32 ಎಂದರೆ ನಳಿಗೆಯ ಬಾಯಿ ಹೆಚ್ಚುಕಡಿಮೆ ಒಂದು ಅಂಗುಲದ ನೂರರಲ್ಲಿ 32 ಪಾಲು. ತೋಟಾ ಬಂದೂಕಿನ ಲೆಕ್ಕ ಉಲ್ಟಾ. ಒಂದು ಪೌಂಡು ಸೀಸದಲ್ಲಿ ನಳಿಗೆಯ ಅಳತೆಯ ಗುಂಡು ಹನ್ನೆರಡಾದರೆ ಅದು 12 ಬೋರು, ಎಂಟೇ ಆದರೆ 8 ಬೋರು. ಅಂದರೆ ಅಲ್ಲಿ ನಂಬರು ಇಳಿದಷ್ಟೂ ಬಾಯಿ ದೊಡ್ಡದು.

ಅಮೆರಿಕದಲ್ಲಿ 1935ರಲ್ಲಿ ಪಾಯಿಂಟ್ 357 ಮ್ಯಾಗ್ನಂ ಬಂತು. ಅದು ಸಾಲದೆಂದು 1955ರಲ್ಲಿ ಪಾಯಿಂಟ್ 44 ಮ್ಯಾಗ್ನಂ ಬಂತು. 1971ರಲ್ಲಿ ತೆರೆಕಂಡ 'ಡರ್ಟಿ ಹ್ಯಾರಿ' ಸಿನಿಮಾದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಕೈಯಲ್ಲಿ ಹಿಡಿದದ್ದು ಅದನ್ನೇ. ಆಮೇಲೆ ಊರೂರಿಗೆ ಅದರ ಹುಚ್ಚು ಹತ್ತಿತು. 2003ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ಕಂಪೆನಿ ಅರ್ಧ ಅಂಗುಲ ಬಾಯಿಯ ಪಾಯಿಂಟ್ 500 ಮ್ಯಾಗ್ನಂ ತಂದಿತು. ಉದ್ದ ನಳಿಗೆಯ ಮಾದರಿಯ ತೂಕ ಎರಡು ಕಿಲೋ! ಅಲ್ಲಿ ಇವಕ್ಕೆ ಕೆಲಸವೂ ಇದೆ. ಅಲಾಸ್ಕದ ಹೊಳೆಯಲ್ಲಿ ಮೀನು ಹಿಡಿಯುವವನ ಮೇಲೆ ಕರಡಿ ಬಿದ್ದರೆ ಸೊಂಟದಿಂದ ಎಳೆಯುವುದಕ್ಕೆ, ಕೆಲವು ರಾಜ್ಯಗಳಲ್ಲಿ ಸರಕಾರವೇ ಪರವಾನಗಿ ಕೊಟ್ಟು ಬಿಡುವ ಜಿಂಕೆ ಬೇಟೆಗೆ. ಅಲ್ಲೂ ಬಲ್ಲವರು ಹೇಳುವುದು ಒಂದೇ ಮಾತು: ರಿವಾಲ್ವರಿನಿಂದ ಬೇಟೆ ಎಂದರೆ ಹತ್ತಿರದ ಬೇಟೆ, ವರ್ಷಗಟ್ಟಲೆ ಅಭ್ಯಾಸ ಮಾಡಿದ ಕೈಯ ಬೇಟೆ. ದೊಡ್ಡ ರಿವಾಲ್ವರು ಮೊದಲು ಒದೆಯುವುದು ಹಿಡಿದವನ ಮುಂಗೈಗೆ.

ಅಂಗಡಿಯಲ್ಲಿ ಸಿಗುವುದೇನು?

ಇಂಡಿಯಾದಲ್ಲಿ ಈ ಮಾಲು ಅಂಗಡಿಗೆ ಬರುವುದೇ ಇಲ್ಲ. 1980ರ ದಶಕದ ಮಧ್ಯದಿಂದ ಸಾಮಾನ್ಯ ಪ್ರಜೆಗೆ ವಿದೇಶಿ ರಿವಾಲ್ವರಿನ ಆಮದು ನಿಂತಿದೆ. ಹೆಸರಾಂತ ಷೂಟಿಂಗ್ ಕ್ರೀಡಾಪಟುಗಳಿಗೆ ಮಾತ್ರ ಬೇರೆ ನಿಯಮ. ಪಾಯಿಂಟ್ 380, ಪಾಯಿಂಟ್ 455, 9 ಎಂಎಂ ಇವೆಲ್ಲ ನಿಷೇಧಿತ ಬೋರುಗಳು, ಪೋಲೀಸು ಮತ್ತು ಮಿಲಿಟರಿಯವು. ಅದಕ್ಕೆ ಲೈಸೆನ್ಸು ಬೇಕಾದರೆ ದಿಲ್ಲಿಯ ಗೃಹ ಮಂತ್ರಾಲಯದ ಬಾಗಿಲಿಗೆ ಹೋಗಬೇಕು, ನಮ್ಮ ಜಿಲ್ಲಾಧಿಕಾರಿಗಳ ಕೈಯಲ್ಲಿಲ್ಲ.

ಉಳಿದದ್ದು ಮುಖ್ಯವಾಗಿ ಪಾಯಿಂಟ್ 32. ಕಾನ್ಪುರದ ಸರಕಾರಿ ಕಾರ್ಖಾನೆ ಮಾಡುತ್ತದೆ. 2014ರಲ್ಲಿ 'ನಿರ್ಭೀಕ್' ಎಂಬ ಅರ್ಧ ಕಿಲೋ ತೂಕದ ಹಗುರ ರಿವಾಲ್ವರು ಬಂತು, ಆಗಿನ ಬೆಲೆ ಸುಮಾರು 1 ಲಕ್ಷ 22 ಸಾವಿರ ರೂಪಾಯಿ. 2023ರಲ್ಲಿ 'ಪ್ರಬಲ್' ಬಂತು, ತೂಕ 700 ಗ್ರಾಂ. ಎರಡೂ ಪಾಯಿಂಟ್ 32. ಎರಡೂ ಆತ್ಮರಕ್ಷಣೆಗೆಂದು ಮಾಡಿದವು, ಬೇಟೆಗೆಂದು ಮಾಡಿದವಲ್ಲ.

ಶಕ್ತಿಯ ಲೆಕ್ಕ ನೋಡಿ. ಪಾಯಿಂಟ್ 32ರ ಗುಂಡು ಆರು ಗ್ರಾಂ ಚಿಲ್ಲರೆ. ಪಾಯಿಂಟ್ 44 ಮ್ಯಾಗ್ನಂನದು ಹದಿನೈದು ಗ್ರಾಮಿಗೂ ಹೆಚ್ಚು, ವೇಗವೂ ಸುಮಾರು ಎರಡರಷ್ಟು. ತೂಕ, ವೇಗ ಎರಡೂ ಸೇರಿದರೆ ಏಟಿನ ಜೋರು ಸುಮಾರು ಎಂಟು ಪಟ್ಟು. ಮೊಬೈಲಿನಲ್ಲಿ ನೋಡಿದ್ದು ಒಂದು, ಕೈಗೆ ಬರುವುದು ಅದರ ಎಂಟನೇ ಒಂದು ಪಾಲು. ಆ ಪಾಲನ್ನು ನಂಬಿ ಕತ್ತಲಲ್ಲಿ ಒಂಟಿ ಸಲಗ ಹಂದಿಯ ಮುಂದೆ ನಿಂತವನು ಹಂದಿಯನ್ನು ಕೊಲ್ಲುವುದಿಲ್ಲ, ಗಾಯ ಮಾಡುತ್ತಾನೆ. ಗಾಯದ ಹಂದಿ ಏನು ಮಾಡುತ್ತದೆ ಎಂಬುದನ್ನು ಹನೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಎಲ್ಲಿಂದಲೋ ಹಳೇ ಕಾಲದ ದೊಡ್ಡದೊಂದು ಸಿಕ್ಕಿತು ಅಂತಿಟ್ಟುಕೊಳ್ಳಿ. ಆಗ ಇನ್ನೊಂದು ತಾಪತ್ರಯ. ತೋಟಾ ಬಂದೂಕಿನ ಚರೆ ಕೆಲವು ನೂರು ಗಜದೊಳಗೆ ಬಲ ಕಳೆದುಕೊಂಡು ಬೀಳುತ್ತದೆ. ದೊಡ್ಡ ರಿವಾಲ್ವರಿನ ಗುರಿ ತಪ್ಪಿದ ಗುಂಡು ಒಂದು ಮೈಲಿಗೂ ಮೀರಿ ಹೋಗಬಲ್ಲದು. ನಮ್ಮ ಕಡೆ ರಾಗಿ, ಜೋಳ ಕಾಯುವ ಕಾಲದಲ್ಲಿ ಹೊಲಕ್ಕೊಂದು ಅಟ್ಟಣೆ, ಅಟ್ಟಣೆಗೊಬ್ಬ ಮನುಷ್ಯ. ಹಂದಿಗೆ ಹೊಡೆದದ್ದು ಪಕ್ಕದ ಹೊಲದ ಅಟ್ಟಣೆಗೆ ಬಿದ್ದರೆ ಯಾರನ್ನು ಕೇಳುವುದು?

ಬೇಟೆಯ ಕಾಲ ಹೋಯಿತು

ನಮ್ಮ ಕಾಡಿಗೂ ದೊಡ್ಡ ಬಂದೂಕಿಗೂ ಹಳೆಯ ನಂಟು. 1870ರ ದಶಕದಲ್ಲಿ ಮೈಸೂರು ಸರಕಾರಕ್ಕೆ ಆನೆ ಹಿಡಿಯಲು ಬಂದ ಸ್ಯಾಂಡರ್ಸನ್ ದೊರೆ ಬಿಳಿಗಿರಿರಂಗನ ಬೆಟ್ಟದ ಸೀಮೆಯಲ್ಲಿ ಓಡಾಡಿದ್ದು 8 ಬೋರು, 4 ಬೋರಿನ ಭಾರಿ ಬಂದೂಕುಗಳೊಡನೆ. ಒಂದೊಂದು ಗುಂಡು ಎರಡು ಔನ್ಸು, ನಾಲ್ಕು ಔನ್ಸು. 1878ರಲ್ಲಿ ಪುಸ್ತಕವನ್ನೂ ಬರೆದ. ಹೊನ್ನಮೇಟಿ ಕಾಫಿ ಎಸ್ಟೇಟಿನ ಆರ್. ಸಿ. ಮಾರಿಸ್ ಹೆಸರಾಂತ ಬೇಟೆಗಾರ, ಕಾಡುಪ್ರಾಣಿಗಳ ವಿಷಯವಾಗಿ ಬರೆಯುತ್ತ ಕೊನೆಗೆ ಸಂರಕ್ಷಣೆಯ ಮಾತಾಡಿದ. ಕೆನೆತ್ ಆಂಡರ್ಸನ್ ನರಭಕ್ಷಕಗಳನ್ನು ಹೊಡೆದದ್ದು ಪಾಯಿಂಟ್ 405 ವಿಂಚೆಸ್ಟರ್ ರೈಫಲಿನಿಂದ. ತೇಜಸ್ವಿಯವರ ಕನ್ನಡದಲ್ಲಿ ಆಂಡರ್ಸನ್ನನ್ನು ಓದಿದ ನಮ್ಮ ಹುಡುಗರು ಒಂದು ಸಂಗತಿ ಗಮನಿಸಬೇಕು. ಈ ಮೂವರಲ್ಲಿ ಯಾರ ಹೆಸರೂ ರಿವಾಲ್ವರಿನಿಂದ ಬಂದದ್ದಲ್ಲ. ಬೇಟೆಯ ಆಯುಧ ಯಾವತ್ತೂ ಉದ್ದ ನಳಿಗೆಯದೇ.

ಆಗ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರಿಗೆ ಬಂತು. ಯಳಂದೂರು ದಿವಾನ್ ಪೂರ್ಣಯ್ಯನವರ ಜಾಗೀರು. ಎರಡು ಸರಕಾರ, ಎರಡು ಕಾನೂನು, ಆದರೂ ಕಾಡು ಒಂದೇ. ದೊರೆಗಳು, ಜಮೀನುದಾರರು ಪರವಾನಗಿ ಪಡೆದು ಷಿಕಾರಿ ಮಾಡುತ್ತಿದ್ದರು, ಸೋಲಿಗರು ದಾರಿ ತೋರಿಸುತ್ತಿದ್ದರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಪುಟ ಮುಚ್ಚಿತು. ಇವತ್ತು ಹವ್ಯಾಸಕ್ಕಾಗಿ ಬೇಟೆ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲ. ಕಡವೆ, ಜಿಂಕೆ, ಹಂದಿ, ಮೊಲ, ಕಾಡುಕೋಳಿ ಯಾವುದಕ್ಕೂ ಇಲ್ಲ. ಅತಿ ರಕ್ಷಿತ ಪಟ್ಟಿಯ ಪ್ರಾಣಿ ಹೊಡೆದರೆ ಮೂರರಿಂದ ಏಳು ವರ್ಷ ಜೈಲು, 2022ರ ತಿದ್ದುಪಡಿಯ ಮೇಲೆ ದಂಡ 25 ಸಾವಿರಕ್ಕೆ ಕಡಿಮೆಯಿಲ್ಲ. ಹೊಡೆದ ಆಯುಧ, ಸಾಗಿಸಿದ ಗಾಡಿ ಎರಡೂ ಸರಕಾರದ ಪಾಲು. ಕಾಡಿನ ಮಕ್ಕಳಾದ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯಿದೆಯಡಿ ಬಿಳಿಗಿರಿಯಲ್ಲಿ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿಕಾಯಿಗೆ ಹಕ್ಕುಂಟು. ಬೇಟೆಯ ಹಕ್ಕನ್ನು ಆ ಕಾಯಿದೆಯೇ ಹೊರಗಿಟ್ಟಿದೆ. ಸೋಲಿಗನಿಗೇ ಇಲ್ಲದ ಬೇಟೆ ಪೇಟೆಯ ಸಾಹುಕಾರನಿಗೆ ಎಲ್ಲಿಂದ ಬರಬೇಕು?

ಹತ್ತು ಕಿಲೋಮೀಟರಿನ ಗೆರೆ

ಇನ್ನು ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಕಲಮು ಹೇಳುತ್ತೇನೆ, ಅಂಗಡಿಯವರು ಕಿವಿಗೊಟ್ಟು ಕೇಳಿ. ವನ್ಯಜೀವಿ ಕಾಯಿದೆಯ 34ನೇ ಕಲಮಿನ ಪ್ರಕಾರ ವನ್ಯಜೀವಿ ಧಾಮದ ಒಳಗೆ ಅಥವಾ ಅದರಿಂದ ಹತ್ತು ಕಿಲೋಮೀಟರ್ ಸುತ್ತಳತೆಯಲ್ಲಿ ವಾಸಿಸುವವರು ಬಂದೂಕಿನ ಲೈಸೆನ್ಸು ಇಟ್ಟುಕೊಂಡಿದ್ದರೆ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲಿ ಹೊಸ ಲೈಸೆನ್ಸು ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲು ಬೇಕು.

ನಮ್ಮ ನಕ್ಷೆ ಹರಡಿ ನೋಡಿ. ಕಾವೇರಿ ವನ್ಯಜೀವಿ ಧಾಮ 1987ರದು. ಮಲೆ ಮಹದೇಶ್ವರ ವನ್ಯಜೀವಿ ಧಾಮ 2013ರದು. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಮೂರಕ್ಕೂ ಹತ್ತು ಹತ್ತು ಕಿಲೋಮೀಟರಿನ ಗೆರೆ ಎಳೆದರೆ ಹನೂರು ತಾಲ್ಲೂಕಿನ ಬಹುಭಾಗ, ಯಳಂದೂರಿನ ಬೆಟ್ಟದ ಮಗ್ಗುಲು, ಕೊಳ್ಳೇಗಾಲದ ಕಾಡಂಚಿನ ಊರುಗಳು ಒಳಗೇ ಬೀಳುತ್ತವೆ.

31ನೇ ಕಲಮು ಇನ್ನೂ ಬಿಗಿ. ಲಿಖಿತ ಅನುಮತಿ ಇಲ್ಲದೆ ಯಾವ ಆಯುಧವನ್ನೂ ಹಿಡಿದು ವನ್ಯಜೀವಿ ಧಾಮದೊಳಕ್ಕೆ ಹೋಗುವಂತಿಲ್ಲ. ಲೈಸೆನ್ಸಿದೆ ಎಂದು ರಿವಾಲ್ವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಾದಪ್ಪನ ಬೆಟ್ಟದ ಬಸ್ಸೋ ಬಿಳಿಗಿರಿ ಬಸ್ಸೋ ಹತ್ತಿದ ಮಹಾಶಯರು ಕಾಡಿನ ನಡುವಿನ ತನಿಖಾ ಠಾಣೆಯಲ್ಲಿ ಏನು ಉತ್ತರ ಹೇಳುತ್ತಾರೆ? ಪಾಲಾರು ದಾಟಿ ತಮಿಳುನಾಡಿಗೆ ಕಾಲಿಟ್ಟರೆ ಇನ್ನೊಂದು ಪ್ರಶ್ನೆ: ಲೈಸೆನ್ಸಿನ ವ್ಯಾಪ್ತಿ ಆ ರಾಜ್ಯಕ್ಕೂ ಇದೆಯೋ ಇಲ್ಲವೋ?

ರೈತನಿಗೆ ಕಾನೂನು ಕೊಟ್ಟದ್ದು

ಇಲ್ಲಿಗೆ ಬಂದಾಗ ನಿಜವಾದ ವಿಷಯ ಎದುರಾಗುತ್ತದೆ. 1959ರ ಆಯುಧ ಕಾಯಿದೆಯ 13ನೇ ಕಲಮನ್ನು ಓದಿದವರಿಗೆ ಒಂದು ಕ್ರಮ ಕಾಣುತ್ತದೆ. ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆ ಕೇಳುವವನಿಗೆ ಮದ್ದು ತುಂಬುವ ಬಂದೂಕು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಬಂದೂಕು. ರಿವಾಲ್ವರು ಈ ಸಾಲಿನಲ್ಲೇ ಇಲ್ಲ. ಅದು "ತಕ್ಕ ಕಾರಣ" ತೋರಿಸಿದವನಿಗೆ ಕೊಡುವ ಬೇರೆ ಸಾಲು. ಅಂದರೆ ಕಾನೂನು ಬರೆದವರ ಮನಸ್ಸಿನಲ್ಲಿ ಮೊದಲು ಇದ್ದವನು ಹೊಲ ಕಾಯುವ ರೈತ, ಸೊಂಟಕ್ಕೆ ಸಿಕ್ಕಿಸಿ ಮೆರೆಯುವ ಸಾಹುಕಾರ ಆಮೇಲೆ.

ಆದರೆ ನಡೆಯುವುದು ನೋಡಿ. ಪ್ರಭಾವ ಇದ್ದವರಿಗೆ ತಕ್ಕ ಕಾರಣ ಬೇಗ ಸಿಗುತ್ತದೆ. ಎರಡೆಕರೆ ಮುಸುಕಿನ ಜೋಳದವನ ಅರ್ಜಿಗೆ ಠಾಣೆಯ ವರದಿ, ಅರಣ್ಯದ ವರದಿ, ಮೆಡಿಕಲ್ ಸರ್ಟಿಫಿಕೇಟು, ತರಬೇತಿಯ ಸರ್ಟಿಫಿಕೇಟು. ಅಪ್ಪನ ಕಾಲದ ಕೇಪಿನ ಬಂದೂಕು ಮನೆಯಲ್ಲಿದ್ದರೂ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಬೇಕು. ಚುನಾವಣೆ ಹಂದಿಗೆ ಗೊತ್ತಿಲ್ಲ, ಅದು ತನ್ನ ಪಾಡಿಗೆ ಬರುತ್ತದೆ.

ಲೈಸೆನ್ಸಿದ್ದ ಮಾತ್ರಕ್ಕೆ ಹೊಡೆಯುವಂತೆಯೂ ಇಲ್ಲ. ನಿಂತ ಬೆಳೆಗೆ ಅಪಾಯವಾದ ಹಂದಿಯಂಥ ಪ್ರಾಣಿಯನ್ನು ಹೊಡೆಯಬೇಕಾದರೆ ಕಾಯಿದೆಯ 11ನೇ ಕಲಮಿನಂತೆ ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಬೇಕು. ಪ್ರಾಣಕ್ಕೇ ಬಂದಾಗ ಸದುದ್ದೇಶದಿಂದ ಮಾಡಿದ ಆತ್ಮರಕ್ಷಣೆ ಅಪರಾಧವಲ್ಲ ಎಂದೂ ಅದೇ ಕಲಮು ಹೇಳುತ್ತದೆ. ಆದರೆ ಆ ಹೊತ್ತಿಗೆ ನೀವೇ ಕಾನೂನು ಮೀರಿ ಕಾಡಿಗೆ ಹೋಗಿದ್ದರೆ ಆ ರಕ್ಷಣೆ ನಿಮಗಿಲ್ಲ.

ಪೋಲೀಸರು, ಅರಣ್ಯದವರು ಈ ಸೀಮೆಯಲ್ಲಿ ಬಂದೂಕು ಎಂದರೆ ಹುಬ್ಬು ಗಂಟಿಕ್ಕುವುದಕ್ಕೆ ಕಾರಣವೂ ಇದೆ. ಗೋಪಿನಾಥಂನ ವೀರಪ್ಪನ್ ಆನೆ ಹೊಡೆಯುತ್ತ ಶುರುಮಾಡಿದವನು, ಮನುಷ್ಯರನ್ನು ಹೊಡೆಯುವಲ್ಲಿಗೆ ಬಂದ. 1991ರಲ್ಲಿ ಅರಣ್ಯಾಧಿಕಾರಿ ಶ್ರೀನಿವಾಸ್, 1992ರಲ್ಲಿ ಮೀಣ್ಯಂ ಬಳಿ ಎಸ್ಪಿ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಷಕೀಲ್ ಅಹಮದ್, 2002ರಲ್ಲಿ ಕಾಮಗೆರೆಯಿಂದ ಅಪಹರಣಗೊಂಡ ಮಾಜಿ ಮಂತ್ರಿ ನಾಗಪ್ಪ. 2004ರ ಅಕ್ಟೋಬರಿನಲ್ಲಿ ಅವನ ಕಥೆ ಮುಗಿಯಿತು. ಆದರೆ ನಡುವೆ ಟಾಡಾ ಕಾಯಿದೆಯಲ್ಲಿ ಜೈಲು ಕಂಡ ಬಡ ಹಳ್ಳಿಗರ ಗೋಳು, ಮಾನವ ಹಕ್ಕು ಆಯೋಗ 1999ರಲ್ಲಿ ನೇಮಿಸಿದ ಸದಾಶಿವ ಸಮಿತಿಯ ಮುಂದೆ ಅವರು ಹೇಳಿಕೊಂಡ ಹಿಂಸೆ ಮರೆಯುವಂಥದಲ್ಲ. ಹೀಗಾಗಿ ಕಾಡಂಚಿನ ಎಷ್ಟೋ ಮಂದಿ ಬಂದೂಕಿನ ಸುದ್ದಿಯೇ ಬೇಡವೆಂದು ಸುಮ್ಮನಿದ್ದಾರೆ.

ಸದ್ದಿಲ್ಲದ ಆಯುಧ

ಸುಮ್ಮನಿದ್ದಾರೆ ಎಂದರೆ ಹಂದಿಗೆ ಹೊಲ ಬಿಟ್ಟುಕೊಟ್ಟಿದ್ದಾರೆ ಎಂದಲ್ಲ. ಬಂದೂಕಿಲ್ಲದ ಕಡೆ ಉರುಳು ಬರುತ್ತದೆ, ಹಣ್ಣಿನೊಳಗೆ ಸಿಡಿಮದ್ದು ಬರುತ್ತದೆ, ಬೇಲಿಗೆ ನೇರ ಕರೆಂಟು ಬರುತ್ತದೆ, ಕೊನೆಗೆ ವಿಷ ಬರುತ್ತದೆ. 2025ರ ಜೂನ್ 26ರಂದು ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಒಟ್ಟಿಗೆ ಸತ್ತುಬಿದ್ದಿದ್ದವು. ಹುಲಿ ಹಿಡಿದ ಹಸುವಿನ ಕಳೇಬರಕ್ಕೆ ವಿಷ ಹಾಕಿದ ಆರೋಪದ ಮೇಲೆ ಬಂಧನಗಳಾದವು. ದೇಶವೆಲ್ಲ ನಮ್ಮ ಕಡೆ ತಿರುಗಿ ನೋಡಿತು. ಅಲ್ಲಿ ಒಂದು ಗುಂಡೂ ಹಾರಿರಲಿಲ್ಲ.

ಇದು ಯೋಚಿಸಬೇಕಾದ ವಿಷಯ. ಐದು ಹುಲಿ ಸತ್ತದ್ದು ಅನ್ಯಾಯ, ವಿಷ ಹಾಕಿದ್ದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಹಸುವಿನ ಮೇಲೆ ಸಂಸಾರ ನಡೆಸುವವನಿಗೆ ಹಸು ಸತ್ತ ದಿನವೇ ಯಾರಾದರೂ ಬಂದು ಮಹಜರು ಮಾಡಿ, ವಾರದೊಳಗೆ ಪರಿಹಾರ ಕೈಗಿಟ್ಟರೆ ವಿಷದ ಬಾಟಲಿಯ ಕಡೆ ಕೈ ಹೋಗುವುದು ಕಡಿಮೆಯಾದೀತು. ಕಾಡನ್ನು ಕಾಯುವುದು ಬೇಗ ಬರುವ ಪರಿಹಾರವೇ ಹೊರತು ಜೋರಾದ ಗುಂಡಲ್ಲ.

ಷೋಕಿಗೂ ದಾರಿ ಉಂಟು

ಹಾಗಾದರೆ ಗುರಿ ಹೊಡೆಯುವ ಆಸೆಯೇ ತಪ್ಪೇ? ತಪ್ಪಲ್ಲ. ಅಭಿನವ್ ಬಿಂದ್ರಾ 2008ರಲ್ಲಿ ಒಲಿಂಪಿಕ್ಸ್ ಚಿನ್ನ ತಂದದ್ದು ಏರ್ ರೈಫಲಿನಲ್ಲಿ. ಮನು ಭಾಕರ್ 2024ರಲ್ಲಿ ಎರಡು ಕಂಚು ತಂದದ್ದು ಏರ್ ಪಿಸ್ತೂಲಿನಲ್ಲಿ. ಅದರ ಬಾಯಿ 4.5 ಮಿಲಿಮೀಟರು! ಈ ಅಳತೆಯ ಕಡಿಮೆ ಶಕ್ತಿಯ ಏರ್ ಗನ್ನಿಗೆ ಲೈಸೆನ್ಸೂ ಬೇಡ. ರೈಫಲ್ ಕ್ಲಬ್ಬಿಗೆ ಸೇರಿದರೆ ಪಾಯಿಂಟ್ 22 ರೈಫಲಿನ ಅಭ್ಯಾಸಕ್ಕೆ ಆಯುಧ ಕಾಯಿದೆಯೇ ದಾರಿ ಮಾಡಿಕೊಟ್ಟಿದೆ. ಆದರೆ ಅದೇ ಏರ್ ಗನ್ನಿನಲ್ಲಿ ಕೆರೆ ಏರಿ ಮೇಲಿನ ಕೊಕ್ಕರೆ ಹೊಡೆದರೆ ಅದೂ ಬೇಟೆಯೇ, ಅದಕ್ಕೂ ಕೇಸು ಬೀಳುತ್ತದೆ. ಇನ್ನು ಮದುವೆ ದಿಬ್ಬಣದಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವ ಷೋಕಿಗೆ 2019ರ ತಿದ್ದುಪಡಿ ಎರಡು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷದವರೆಗೆ ದಂಡ, ಅಥವಾ ಎರಡೂ ಎಂದು ಬರೆದಿಟ್ಟಿದೆ. ಒಬ್ಬರ ಹೆಸರಿಗೆ ಮೂರಿದ್ದ ಬಂದೂಕಿನ ಮಿತಿ ಎರಡಕ್ಕೆ ಇಳಿದದ್ದೂ ಆಗಲೇ.

ಅಂಗಡಿಯ ಗಲ್ಲಾ ಪೆಟ್ಟಿಗೆ ಕಾಯುವುದಕ್ಕೆ, ಹೆಚ್ಚು ನಗದು ಸಾಗಿಸುವುದಕ್ಕೆ ನಿಜವಾದ ಭಯ ಇದ್ದವರು ಪಾಯಿಂಟ್ 32 ಕೇಳಲಿ, ಅದು ಅವರ ಹಕ್ಕು. ಕೇಳುವ ಮುಂಚೆ ಒಂದು ಲೆಕ್ಕ ಹಾಕಲಿ: ಬೀಗದ ಪೆಟ್ಟಿಗೆ, ತರಬೇತಿ, ನವೀಕರಣ, ಮನೆಯಲ್ಲಿ ಮಕ್ಕಳು, ಕಳೆದುಹೋದರೆ ಬರುವ ಕೇಸು. ಅದೆಲ್ಲ ಒಪ್ಪಿಗೆಯಾದರೆ ಸರಿ. ಹೊಲಕ್ಕೂ ಅದನ್ನೇ ಒಯ್ಯುತ್ತೇನೆ ಎನ್ನುವವರು ಮಾತ್ರ ಆ ಆಸೆ ಇಲ್ಲೇ ಬಿಡುವುದು ಒಳ್ಳೆಯದು.

ಕೇಳಬೇಕಾದ ಪ್ರಶ್ನೆ

ರಿವಾಲ್ವರಿಗೆ ಹಾಕುವ ಲಕ್ಷಕ್ಕೂ ಮೀರಿದ ದುಡ್ಡನ್ನು ಅಕ್ಕಪಕ್ಕದ ನಾಲ್ಕು ಜನ ಸೇರಿ ಬೇಲಿಗೆ ಹಾಕಿದರೆ ನಾಲ್ಕು ಹೊಲ ಉಳಿಯುತ್ತದೆ. ಸೋಲಾರ್ ಬೇಲಿಗೆ ಸರಕಾರದ ಸಹಾಯಧನ ಉಂಟು. ಆನೆ ಕಂದಕ, ರೈಲು ಕಂಬಿಯ ತಡೆ ಆನೆಗೆ ಸರಿ, ಹಂದಿ ಅದರಡಿಯೇ ನುಸುಳುತ್ತದೆ, ಅದಕ್ಕೆ ಬೇರೆ ಬೇಲಿ ಬೇಕು. ಸದ್ದು ಮಾಡಿ ಓಡಿಸುವುದಕ್ಕೆ ಪಟಾಕಿ ಸಾಕು, ಮ್ಯಾಗ್ನಂ ಬೇಡ.

ಹಾಗಾಗಿ ಯಾವ ರಿವಾಲ್ವರು ಒಳ್ಳೆಯದು ಎಂದು ಕೇಳುವ ಬದಲು ನಮ್ಮ ಮೂರು ತಾಲ್ಲೂಕಿನವರು ಬೇರೆ ಪ್ರಶ್ನೆ ಕೇಳಬೇಕು. ಬೆಳೆ ರಕ್ಷಣೆಯ ಎಷ್ಟು ಅರ್ಜಿಗಳು ಯಾವ ಮೇಜಿನ ಮೇಲೆ ಎಷ್ಟು ದಿನದಿಂದ ಕೂತಿವೆ? 11ನೇ ಕಲಮಿನ ಲಿಖಿತ ಆದೇಶ ಕೇಳಲು ಬಂದ ರೈತನಿಗೆ ರೇಂಜ್ ಆಫೀಸಿನಲ್ಲಿ ಉತ್ತರ ಹೇಳುವವರು ಯಾರು? ಬೆಳೆ ಹೋದ ರಾತ್ರಿಗೂ ಪರಿಹಾರ ಬಂದ ದಿನಕ್ಕೂ ನಡುವೆ ಎಷ್ಟು ತಿಂಗಳು? ಮಾಹಿತಿ ಹಕ್ಕು ಕಾಯಿದೆ ಇದೆ, ಹತ್ತು ರೂಪಾಯಿ ಅರ್ಜಿ ಇದೆ. ತಾಲ್ಲೂಕು ಪಂಚಾಯ್ತಿಯಲ್ಲಿ, ಕೆಡಿಪಿ ಸಭೆಯಲ್ಲಿ, ಓಟು ಕೇಳಲು ಬಂದವರ ಮುಂದೆ ಇದನ್ನು ಕೇಳಲು ಯಾವ ಲೈಸೆನ್ಸೂ ಬೇಡ.

ಒಂದು ಪ್ರಶ್ನೆಯನ್ನು ನೂರು ಜನ ಸೇರಿ ಕೇಳಿದರೆ ಅದರ ಏಟು ಪಾಯಿಂಟ್ 500 ಮ್ಯಾಗ್ನಂಗಿಂತ ಜೋರು. ಗುರಿ ತಪ್ಪಿದರೂ ಪಕ್ಕದ ಅಟ್ಟಣೆಯವನಿಗೆ ತಾಗುವುದಿಲ್ಲ.